ಪಗಾರ ಚೀಟಿಯ 200 ರೂಪಾಯಿ ಮತ್ತು ಪಾಗೆಯವರು

ಫೋರ್ಟ್‌ನ ಕಚೇರಿಯೊಂದರಲ್ಲಿ ನೌಕರರ ಪಗಾರದ ಲೆಕ್ಕ ನೋಡುವುದು ನನ್ನ ಕೆಲಸ. ಹೆಚ್ಚಿನವರ ಚೀಟಿಯಲ್ಲಿ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಕಡಿತ, ಫೆಬ್ರುವರಿಯಲ್ಲಿ 300. ವರ್ಷಕ್ಕೆ 2500. ಹೊಸದಾಗಿ ಸೇರಿದ ಹುಡುಗರು ಇದೆಂಥಾ ದಂಡ ಎಂದು ಕೇಳುತ್ತಾರೆ. ಆಗ ನಾನು ವಿ.ಸ. ಪಾಗೆಯವರ ಕಥೆ ಹೇಳುತ್ತೇನೆ.

ವಿಠ್ಠಲ ಸಖಾರಾಮ ಪಾಗೆ ಹುಟ್ಟಿದ್ದು 1910ರಲ್ಲಿ. ನಮ್ಮ ಸಾಂಗ್ಲಿ ಸೀಮೆಯವರೇ. (ನಮ್ಮದು ಅದೇ ಜಿಲ್ಲೆಯ ಜತ್ತ ತಾಲೂಕು, ಮನೆಯಲ್ಲಿ ಕನ್ನಡ, ಸರ್ಕಾರಿ ಕಾಗದವೆಲ್ಲ ಮರಾಠಿ.) ಸ್ವಾತಂತ್ರ್ಯ ಹೋರಾಟದಲ್ಲಿದ್ದ ಗಾಂಧಿವಾದಿ. 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಆಗ ಸದನ ಸೇರುತ್ತಿದ್ದುದು ರೀಗಲ್ ಚಿತ್ರಮಂದಿರದ ಎದುರಿನ ಹಳೆಯ ಕಟ್ಟಡದಲ್ಲಿ. ಈಗ ಅಲ್ಲಿ ಪೊಲೀಸ್ ಪ್ರಧಾನ ಕಚೇರಿ.

ಅಂಥ ಪೀಠದಲ್ಲಿ ಕೂತವರ ತಲೆ ತಾಸಗಾಂವದ ಒಣ ಹೊಲಗಳಲ್ಲೇ ಇತ್ತು. ಸುಗ್ಗಿ ಮುಗಿದ ಮೇಲೆ ಕೂಲಿಯವರಿಗೆ ಕೆಲಸವಿಲ್ಲ. ಬರ ಘೋಷಣೆಯಾಗುವ ತನಕ ಅವರು ಯಾಕೆ ಕಾಯಬೇಕು, ಕೇಳಿದವರಿಗೆ ಕೆಲಸ ಸಿಗಲಿ, ಆ ಕೆಲಸ ಮಣ್ಣು ನೀರು ಹಿಡಿದಿಡುವಂಥದಾಗಲಿ ಎಂಬುದು ಅವರ ವಿಚಾರ. ವಿಸಾಪುರದಲ್ಲಿ ಮೊದಲು ಮಾಡಿ ನೋಡಿದರು, ಮುಖ್ಯಮಂತ್ರಿ ವಸಂತರಾವ್ ನಾಯಕರಿಗೆ ಲೆಕ್ಕ ಸಮೇತ ಬರೆದರು. 1972ರಲ್ಲಿ ರೋಜಗಾರ ಹಮೀ ಯೋಜನೆ ರಾಜ್ಯಕ್ಕೆಲ್ಲ ಬಂತು. ಅದೇ ವರ್ಷ ಭೀಕರ ಬರ. 1973ರ ಬೇಸಿಗೆಯಲ್ಲಿ ಪರಿಹಾರ ಕಾಮಗಾರಿಗಳ ಮೇಲೆ ಸುಮಾರು 50 ಲಕ್ಷ ಜನ ದುಡಿದರು. ಜಲ್ಲಿ ಒಡೆದವರಲ್ಲಿ ನಮ್ಮಜ್ಜಿಯೂ ಒಬ್ಬಳು.

ಹಮೀ ಯೋಜನೆಗೆ ದುಡ್ಡು ಬೇಕಲ್ಲ? ಅದಕ್ಕೆಂದೇ 1975ರಲ್ಲಿ ವೃತ್ತಿ ತೆರಿಗೆ ಬಂತು. ಅದು ವಸೂಲಾದಷ್ಟೇ ಹಣ ಸರ್ಕಾರವೂ ಹಾಕಬೇಕು. ದೊಡ್ಡ ಪಾಲು ಮುಂಬಯಿಯ ಪಗಾರದಾರರದು. ಲೋಕಲ್‌ನಲ್ಲಿ ಜೋತುಬಿದ್ದು ಬರುವ ಗುಮಾಸ್ತ ಕಾಣದ ಊರಿನ ಒಡ್ಡಿಗೆ ಮಣ್ಣು ಹಾಕಿದ ಹಾಗೆ. 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಿಂದ ಕೆಲಸ ಕೇಳುವುದು ಹಕ್ಕಾಯಿತು.

ಪಾಗೆಯವರ ಬಗ್ಗೆ ನನಗೊಂದು ತಕರಾರೂ ಇದೆ. ಅಜ್ಜಿ ಮುಂದೆ ಇಂಗುಕೆರೆಯ ಏರಿಗೂ ಬುಟ್ಟಿ ಹೊತ್ತಳು. ಕೆರೆ ತುಂಬಿತು, ಕೆಳಗಿನ ಬಾವಿಗಳಿಗೆ ನೀರು ಬಂತು. ಬಾವಿಗಳು ಹೊಲ ಇದ್ದವರವು. ನಮಗೆ ಹೊಲವೇ ಇರಲಿಲ್ಲ. ಅಜ್ಜಿಗೆ ಕೂಲಿ, ಗೌಡರಿಗೆ ನೀರು. ಪಾಗೆಯವರು ಕೊಟ್ಟ ಹಕ್ಕು ಕೆಲಸದ್ದು, ಕೆಲಸದಿಂದ ಹುಟ್ಟಿದ ನೀರಿನದಲ್ಲ.

ಅವರು ತೀರಿಕೊಂಡದ್ದು 1990ರ ಮಾರ್ಚ್‌ನಲ್ಲಿ. ಅದೇ ವರ್ಷ ಸರ್ಕಾರ ತೋಟಗಾರಿಕೆಯನ್ನು ಈ ಯೋಜನೆಗೆ ಜೋಡಿಸಿತು. ರೈತ ತನ್ನದೇ ಹೊಲದಲ್ಲಿ ಹಣ್ಣಿನ ಗಿಡ ನೆಟ್ಟರೆ ಸರ್ಕಾರದಿಂದ ಅನುದಾನ, ಅದೂ ಮೂರು ವರ್ಷದ ಕಂತಿನಲ್ಲಿ, ಗಿಡ ಬದುಕಿದ್ದರೆ ಮಾತ್ರ. ಅಷ್ಟರಲ್ಲಿ ನಮ್ಮ ಕಾಕಾ ಎರಡು ಎಕರೆ ಕೊಂಡಿದ್ದರು. ಬೋರೆ ಗಿಡ ಹಾಕಿದರು. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಉಳಿಸಿದವಳು ಅಜ್ಜಿಯೇ, ಈ ಸಲ ಸ್ವಂತ ಹೊಲಕ್ಕೆ. ನನ್ನ ಕಾಲೇಜಿನ ಫೀ ಆ ಬೋರೆಯಿಂದ ಬಂತು.

ಪಾಗೆಯವರ ಹೆಸರು ಅಜ್ಜಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕೆರೆಯ ಏರಿ ಮೇಲೆ ನಡೆದೆ. ಹೂಳು ತುಂಬಿ ಜಾಲಿ ಬೆಳೆದಿದೆ.