ಕಲ್ಲಿನಲ್ಲಿ ಕೈಗುರುತು ಕಂಡವರು: ರಾಬರ್ಟ್ ಬ್ರೂಸ್ ಫೂಟ್

ಮನುಷ್ಯನ ಪೂರ್ವಚರಿತ್ರೆಯನ್ನು ಹುಡುಕುವುದು ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಸರಕಾರ ವಹಿಸಿದ ಕೆಲಸವಾಗಿರಲಿಲ್ಲ. 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದ ಅವರು 1858ರಲ್ಲಿ, 24ನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸಿಗೆ ಬಂದರು. ಶಿಲಾಸ್ತರಗಳನ್ನು ಗುರುತಿಸಿ ನಕ್ಷೆ ಬರೆಯುವುದು, ಖನಿಜಗಳ ನೆಲೆಯನ್ನು ವರದಿ ಮಾಡುವುದು ಅವರ ಹೊಣೆ. ಆ ಹೊಣೆಯನ್ನು ಅವರು ಮೂರು ದಶಕಗಳಿಗೂ ಮೀರಿ ನಿಷ್ಠೆಯಿಂದ ನಿರ್ವಹಿಸಿದರು. ಧಾರವಾಡ ಶಿಲಾಸಮೂಹವೆಂದು ಇಂದಿಗೂ ಭೂವಿಜ್ಞಾನಿಗಳು ಕರೆಯುವ, ಕೋಲಾರದ ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಬಂಡೆಗಳ ವರ್ಗಕ್ಕೆ ಹೆಸರಿಟ್ಟವರು ಅವರೇ. ಆದರೂ ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಒಂದು ಒಡೆದ ಕಲ್ಲಿನಿಂದ.

ಫೂಟ್ ಭಾರತಕ್ಕೆ ಬಂದ ಮರುವರ್ಷವೇ ಯುರೋಪಿನಲ್ಲಿ ದೊಡ್ಡದೊಂದು ನಂಬಿಕೆ ಕುಸಿಯಿತು. ಮನುಷ್ಯನ ಇತಿಹಾಸ ಆರು ಸಾವಿರ ವರ್ಷಗಳಷ್ಟೇ ಎಂದು ಅಲ್ಲಿ ಬಹುಕಾಲದಿಂದ ನಂಬಲಾಗಿತ್ತು. ಫ್ರಾನ್ಸಿನ ಸೋಮ್ ನದಿಯ ಜಲ್ಲಿಯ ಪದರಗಳಲ್ಲಿ, ನಶಿಸಿಹೋದ ಆನೆಗಳ ಎಲುಬುಗಳ ಜೊತೆಯಲ್ಲೇ, ಚಕಮಕಿ ಕಲ್ಲಿನ ಕೊಡಲಿಗಳು ದೊರೆಯುತ್ತಿದ್ದುದನ್ನು ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ 1859ರಲ್ಲಿ ಸ್ವತಃ ಪರೀಕ್ಷಿಸಿ ಒಪ್ಪಿಕೊಂಡರು. ಡಾರ್ವಿನ್ನರ ಜೀವಿಜಾತಿಗಳ ಉಗಮದ ಗ್ರಂಥ ಹೊರಬಂದದ್ದೂ ಅದೇ ವರ್ಷ. 1863ರ ಆರಂಭದಲ್ಲಿ ಲಯೆಲ್ ಮಾನವನ ಪ್ರಾಚೀನತೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಭಾರತದಲ್ಲಿ ಯುಗಗಳನ್ನು ಲಕ್ಷಗಳಲ್ಲಿ ಎಣಿಸುವುದು ಪುರಾಣಗಳಿಗೆ ಹೊಸದೇನಲ್ಲ. ಆದರೆ ಅಷ್ಟು ಹಿಂದೆ ಈ ನೆಲದಲ್ಲಿ ಮನುಷ್ಯ ನಡೆದಾಡಿದ್ದನೆಂಬುದಕ್ಕೆ ಮಣ್ಣಿನೊಳಗಿನ ಸಾಕ್ಷಿಯನ್ನು ಅದುವರೆಗೆ ಯಾರೂ ತೋರಿಸಿರಲಿಲ್ಲ.

1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರದಲ್ಲಿ, ಸೈನಿಕರ ಕವಾಯತು ಮೈದಾನದ ಸಮೀಪ ಜಂಬಿಟ್ಟಿಗೆಯ ಜಲ್ಲಿ ತೆಗೆದ ಹಳ್ಳವೊಂದರಲ್ಲಿ ಫೂಟ್ ಒಂದು ಕಲ್ಲನ್ನು ಎತ್ತಿಕೊಂಡರು. ನೀರಿನಲ್ಲಿ ಉರುಳಿದ ಕಲ್ಲು ಎಲ್ಲ ಕಡೆಯೂ ದುಂಡಾಗುತ್ತದೆ; ಬಿಸಿಲಿಗೆ ಸಿಡಿದದ್ದು ಎಲ್ಲೆಂದರಲ್ಲಿ ಒಡೆದಿರುತ್ತದೆ. ಅವರ ಕೈಗೆ ಬಂದದ್ದು ಹಾಗಿರಲಿಲ್ಲ. ಎರಡೂ ಮುಖಗಳಿಂದ ಕ್ರಮವಾಗಿ ಚಕ್ಕೆ ಎಬ್ಬಿಸಿದ ಗಾಯಗಳು, ಆ ಗಾಯಗಳು ಪರಸ್ಪರ ಸಂಧಿಸಿ ಮೂಡಿಸಿದ ಅಲಗು: ಇದು ಉದ್ದೇಶವಿಟ್ಟು ಹೊಡೆದ ಏಟುಗಳ ಫಲ. ಏಟು ಹಾಕುವ ಮುನ್ನವೇ ಕಲ್ಲಿನೊಳಗೆ ಆಕಾರವನ್ನು ಕಂಡ ಮನಸ್ಸೊಂದು ಅದರ ಹಿಂದಿತ್ತು. ಅದೇ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಕೊರತ್ತಲೈಯಾರು ಕಣಿವೆಯ ಅತ್ತಿರಂಪಾಕ್ಕಂನಲ್ಲಿ ಇಂಥವೇ ಆಯುಧಗಳು ಹೇರಳವಾಗಿ ದೊರೆತಾಗ, ಪಲ್ಲಾವರದ ಕಲ್ಲು ಆಕಸ್ಮಿಕವೆಂಬ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಫ್ರಾನ್ಸಿನ ಕೊಡಲಿ ಚಕಮಕಿ ಕಲ್ಲಿನದು, ಮದರಾಸಿನದು ಕ್ವಾರ್ಟ್ಸೈಟಿನದು. ಶಿಲೆ ಬೇರೆ, ಆಕಾರ ಒಂದೇ. ಶಿಲೆಗಳ ಗುಣ ಬಲ್ಲ ಫೂಟ್ ಈ ಸಂಗತಿಯನ್ನು ಕೊನೆಯವರೆಗೂ ಬಿಡಲಿಲ್ಲ. ಯಾವ ಸೀಮೆಯ ಆದಿಮಾನವ ಯಾವ ಕಲ್ಲನ್ನು ಆರಿಸಿದ, ಅದು ಅಲ್ಲಿಯದೇ ಅಥವಾ ದೂರದಿಂದ ಬಂದದ್ದೇ ಎಂಬ ಪ್ರಶ್ನೆ ಅವರ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಳ್ಳಾರಿ ಸೀಮೆಯಲ್ಲಿ ಕಬ್ಬಿಣದ ಅದಿರು ಬೆರೆತ ಪಟ್ಟೆಪಟ್ಟೆಯ ಕೆಂಗಲ್ಲಿನಿಂದ ಮಾಡಿದ ಕೊಡಲಿಗಳನ್ನು ಅವರು ಕಂಡರು. ನೂರು ವರ್ಷಗಳಾಚೆ ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಸುಣ್ಣಶಿಲೆಯ ಕೈಗೊಡಲಿಗಳನ್ನು ಕಂಡಾಗ ಅದೇ ಪಾಠ ಮತ್ತೊಮ್ಮೆ ದೃಢವಾಯಿತು. ದೇಹ ಬದಲಾಗದೆ ಪರಿಸರಕ್ಕೆ ಹೊಂದಿಕೊಳ್ಳುವ ಮಾರ್ಗವನ್ನು ಮನುಷ್ಯಕುಲ ಕಂಡುಕೊಂಡದ್ದು ಇಂಥ ಆಯ್ಕೆಗಳಲ್ಲಿಯೇ.

ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲಾಗುತ್ತಿದ್ದ ಬೆಳಗಾವಿ, ಬಿಜಾಪುರ, ಧಾರವಾಡಗಳ ಪ್ರದೇಶದಲ್ಲಿಯೂ ಅವರು ವರ್ಷಗಟ್ಟಲೆ ಸಂಚರಿಸಿದರು. ಗೋಕಾಕ ತಾಲ್ಲೂಕಿನಲ್ಲಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು ದಖನ್ನಿನ ಹೆಸರಿನಿಂದಲೇ ಹೊಸ ಜಾತಿಯಾಗಿ 1874ರಲ್ಲಿ ವರ್ಣಿಸಿದರು. ಘಟಪ್ರಭೆಯ ದಡದಲ್ಲಿ ಖಡ್ಗಮೃಗ ಮೇಯುತ್ತಿತ್ತೆಂದರೆ, ಕೊಡಲಿ ಹಿಡಿದವನ ಕಾಲದ ನೆಲ ಇಂದಿನ ಎರೆಯ ಬಯಲಿನಂತಿರಲಿಲ್ಲವೆಂದೇ ತಿಳಿಯಬೇಕು.

ಆದರೆ ಅವರ ಬದುಕಿನ ಅತ್ಯಂತ ಫಲವತ್ತಾದ ಅಧ್ಯಾಯ ಬಳ್ಳಾರಿ ಜಿಲ್ಲೆಯದು. 1895ರಲ್ಲಿ ಹೊರಬಂದ ಅವರ ಬಳ್ಳಾರಿಯ ಭೂವಿಜ್ಞಾನ ಗ್ರಂಥ ಅಂದಿನ ಜಿಲ್ಲೆಯನ್ನು ಕುರಿತದ್ದು. 1953ರಲ್ಲಿ ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು, ರಾಯದುರ್ಗಗಳೂ ಆಗ ಅದರೊಳಗಿದ್ದವು. ಕಪ್ಪಗಲ್ಲು ಬೆಟ್ಟದಲ್ಲಿ ಅವರು ನವಶಿಲಾಯುಗದ ಕೊಡಲಿಗಳ ಕಾರ್ಖಾನೆಯನ್ನೇ ಕಂಡರು. ಬೆಟ್ಟವನ್ನು ಸೀಳಿ ಹಾಯ್ದ ಕಪ್ಪು ಶಿಲೆಯಿಂದ ಒಡೆದ ಚಕ್ಕೆಗಳು, ಅರ್ಧ ಮಾಡಿ ಬಿಟ್ಟವು, ಬಂಡೆಯ ಮೇಲೆ ಉಜ್ಜಿ ಉಜ್ಜಿ ಮೂಡಿದ ತೋಡುಗಳು, ನುಣುಪಾದ ಪೂರ್ಣ ಕೊಡಲಿಗಳು: ಒಂದು ಕಸುಬಿನ ಎಲ್ಲ ಹಂತಗಳೂ ಒಂದೇ ಕಡೆ ಬಿದ್ದಿದ್ದವು. ಒಡೆದ ಕಲ್ಲು ಬೇಟೆಗಾರನದು. ಮಸೆದ ಕಲ್ಲು ಮರ ಕಡಿದು ನೆಲೆನಿಂತವನದು.

ಆ ಸೀಮೆಯ ಬೂದಿದಿಬ್ಬಗಳು ಇನ್ನೊಂದು ಒಗಟು. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ದಹನದ ಸ್ಥಳವೆಂದು ನಂಬುತ್ತಾರೆ. ವಿದ್ವಾಂಸರ ಊಹೆಗಳು ಇದಕ್ಕಿಂತ ಸಮೀಚೀನವಾಗಿದ್ದವೆಂದು ಹೇಳಲಾಗದು. ಕೆಲವರಿಗೆ ಅವು ಜ್ವಾಲಾಮುಖಿಯ ಬೂದಿ, ಕೆಲವರಿಗೆ ಲೋಹ ಕರಗಿಸಿದ ಕಿಟ್ಟ, ಕೆಲವರಿಗೆ ಸಾಮೂಹಿಕ ದಹನದ ಕುರುಹು. ಕುಡತಿನಿಯ ಬಳಿಯ ದಿಬ್ಬವನ್ನು ಪರೀಕ್ಷಿಸಿದ ಫೂಟ್, ಅಲ್ಲಿ ದೊರೆತ ಕಲ್ಲಿನ ಕೊಡಲಿಗಳ ಆಧಾರದಿಂದ, ಇವು ನವಶಿಲಾಯುಗದ ದನಗಾಹಿಗಳ ನೆಲೆಯಲ್ಲಿ ಸಗಣಿಯ ರಾಶಿ ಸುಟ್ಟು ಉಳಿದ ಬೂದಿಯೆಂದು ತೀರ್ಮಾನಿಸಿದರು. ರಾಕ್ಷಸರ, ಬಲಿಗಳ ಕಥೆಗಳ ಮುಂದೆ ಸಗಣಿಯ ವಿವರಣೆ ನೀರಸವೆನಿಸಿದ್ದರೆ ಆಶ್ಚರ್ಯವಿಲ್ಲ. ಅದನ್ನು ಸಿದ್ಧಪಡಿಸಿದ ಉತ್ಖನನ ನಡೆದದ್ದು 1957ರಲ್ಲಿ. ತೆಲಂಗಾಣದ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ರೊಪ್ಪದ ಗೂಟಗಳ ಕುಳಿಗಳನ್ನೂ, ಬೂದಿಯ ಪದರಗಳಲ್ಲಿ ಅಚ್ಚೊತ್ತಿ ಉಳಿದ ದನಗಳ ಗೊರಸಿನ ಗುರುತುಗಳನ್ನೂ ಕಂಡರು.

ಆದಿಮಾನವನ ಎಲುಬು ಮಾತ್ರ ಫೂಟ್ ಅವರಿಗೆ ದಕ್ಕಲಿಲ್ಲ. ಜೀವವಿಜ್ಞಾನಿ ಹಕ್ಸ್‌ಲಿಯವರ ಪ್ರೇರಣೆಯಿಂದ ಮದರಾಸು ಸರಕಾರ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳ ಶೋಧವನ್ನು 1884ರಲ್ಲಿ ಅವರಿಗೆ ವಹಿಸಿತು. ಕೆಲಸವನ್ನು ಮುಂದುವರಿಸಿದವರು ಸೈನ್ಯಾಧಿಕಾರಿಯಾಗಿದ್ದ ಅವರ ಮಗ ಹೆನ್ರಿ. ಪ್ರಾಣಿಗಳ ಅಸ್ಥಿಗಳು ರಾಶಿರಾಶಿಯಾಗಿ ಬಂದವು. ಮನುಷ್ಯನಿಗೂ ವಾನರನಿಗೂ ನಡುವಣ ಕೊಂಡಿ ಬರಲಿಲ್ಲ. 1891ರಲ್ಲಿ ಫೂಟ್ ಇಲಾಖೆಯಿಂದ ನಿವೃತ್ತರಾದರು. ಡುಬ್ವಾ ಜಾವಾ ದ್ವೀಪದಲ್ಲಿ ಆದಿಮಾನವನ ತಲೆಬುರುಡೆಯ ಭಾಗವನ್ನು ಕಂಡದ್ದು ಆ ವರ್ಷವೇ. ಭಾರತದಲ್ಲಿ ಅಂಥದು ದೊರೆಯಲು 1982ರವರೆಗೆ ಕಾಯಬೇಕಾಯಿತು; ನರ್ಮದೆಯ ದಡದ ಹಥ್ನೋರಾದಲ್ಲಿ ಅದನ್ನು ಕಂಡ ಅರುಣ್ ಸೊನಾಕಿಯಾ ಕೂಡ ಭೂವಿಜ್ಞಾನಿಯೇ.

ಒಡೆದ ಕಲ್ಲಿನ ಯುಗಕ್ಕೂ ಮಸೆದ ಕಲ್ಲಿನ ಯುಗಕ್ಕೂ ನಡುವೆ ದೀರ್ಘ ಶೂನ್ಯವಿತ್ತು, ಎರಡೂ ಸಂಬಂಧವಿಲ್ಲದ ಜನರವು ಎಂದು ಫೂಟ್ ಭಾವಿಸಿದ್ದರು. ಆ ಮಾತು ನಿಲ್ಲಲಿಲ್ಲ. ನಡುವಣ ಹಂತಗಳನ್ನು, ಸೂಕ್ಷ್ಮ ಶಿಲಾಯುಧಗಳ ಕಾಲವನ್ನು, ಮುಂದಿನವರು ಸ್ತರಸ್ತರವಾಗಿ ತುಂಬಿದರು. ವರ್ಷಗಳ ಲೆಕ್ಕವೂ ಅವರಿಗೆ ಅಸಾಧ್ಯವಾಗಿತ್ತು. ಯಾವುದು ಮೊದಲು, ಯಾವುದು ಅನಂತರ ಎಂಬುದಷ್ಟನ್ನೇ ಅಂದಿನ ವಿಜ್ಞಾನ ಹೇಳಬಲ್ಲದಾಗಿತ್ತು. ಅತ್ತಿರಂಪಾಕ್ಕಂನ ಅತ್ಯಂತ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪುರಾತನವೆಂದು ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಇಂದಿನ ಮಾನವಜಾತಿ ರೂಪುಗೊಂಡು ಸುಮಾರು 3 ಲಕ್ಷ ವರ್ಷಗಳಷ್ಟೇ ಆಗಿರುವುದರಿಂದ, ಅವುಗಳನ್ನು ಕೆತ್ತಿದ ಕೈ ನಮ್ಮ ಜಾತಿಯದೇ ಅಲ್ಲ.

ನಿವೃತ್ತಿಯ ಮೇಲೆ ಬರೋಡ ಮತ್ತು ಮೈಸೂರು ಸಂಸ್ಥಾನಗಳಿಗಾಗಿ ದುಡಿದ ಫೂಟ್, ಶೇರ್ವರಾಯನ್ ಬೆಟ್ಟದ ಏರ್ಕಾಡಿನಲ್ಲಿ ನೆಲೆಸಿದರು. ಅಲ್ಲಿಯ ಗುಡ್ಡದ ಜನ ನವಶಿಲಾಯುಗದ ನುಣುಪು ಕೊಡಲಿಗಳನ್ನು ಆರಿಸಿ ತಂದು ಪಿಳ್ಳೆಯಾರ್ ಗುಡಿಗಳಲ್ಲಿ ಇಡುತ್ತಿದ್ದರು. ಅವು ಬರಿಯ ಕಲ್ಲುಗಳಲ್ಲವೆಂಬ ಅರಿವು ಅವರಿಗೂ ಇತ್ತೆಂಬುದನ್ನು ಗಮನಿಸಬೇಕು. 1912ರ ಡಿಸೆಂಬರ್ 29ರಂದು ಫೂಟ್ ಕಲ್ಕತ್ತೆಯಲ್ಲಿ ನಿಧನರಾದರು. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ. 400ಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಅವರ ಸಂಗ್ರಹ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ವಿವರಣಾ ಸಂಪುಟಗಳು ಅವರ ಮರಣಾನಂತರ 1914 ಮತ್ತು 1916ರಲ್ಲಿ ಪ್ರಕಟವಾದವು.

ಬಿ. ಸುಬ್ಬರಾವ್ 1940ರ ದಶಕದಲ್ಲಿ ಸಂಗನಕಲ್ಲಿನಲ್ಲಿ ಅಗೆತ ಆರಂಭಿಸಿದ್ದು ಆ ಸಂಪುಟಗಳ ಜಾಡಿನಲ್ಲಿಯೇ. ಮುಂದಿನ ಸಂಶೋಧನೆಗಳಲ್ಲಿ ಅಲ್ಲಿಯ ಮಣ್ಣಿನಿಂದ ಕರಿದ ಕಾಳುಗಳು ಹೊರಬಂದವು: ಕೊರಲೆ, ಹುರುಳಿ, ಹೆಸರು. ಈಚಿನ ದಶಕಗಳಲ್ಲಿ ಕಪ್ಪಗಲ್ಲು ಬೆಟ್ಟದ ಬಂಡೆಗಳನ್ನು ಜಲ್ಲಿಗಾಗಿ ಸಿಡಿಸಲಾಗಿದೆ. ಕೊಡಲಿ ಮಸೆದ ತೋಡುಗಳಲ್ಲಿ ಎಷ್ಟೋ ಆ ಜಲ್ಲಿಯೊಡನೆ ರಸ್ತೆ ಸೇರಿವೆ.