ಹುತಾತ್ಮ ಶ್ರೀ ಮೈಲಾರ ಮಹಾದೇವಪ್ಪನವರು

ಮನುಷ್ಯನ ಆಯುಷ್ಯವನ್ನು ವರುಷಗಳಿಂದ ಅಳೆಯುವದು ಲೋಕರೂಢಿ. ಅವನು ಹಿಡಿದ ವ್ರತದಿಂದ ಅಳೆಯುವದು ಸತ್ಪುರುಷರ ಪದ್ಧತಿ. ಈ ಎರಡನೆಯ ಅಳತೆಯಿಂದ ನೋಡಲಾಗಿ, ಮೂವತ್ತೊಂದೇ ವರುಷ ಬಾಳಿದ ಮೈಲಾರ ಮಹಾದೇವಪ್ಪನವರು ದೀರ್ಘಾಯುಗಳೆಂದೇ ಹೇಳಬೇಕಾಗುವದು. ತರುಣರು ರಾಜಕಾರಣದೊಳಗೆ ಕಾಲಿಡಬಹುದೇ ಎಂದು ತಂದೆತಾಯಿಗಳು ಇಂದಿಗೂ ಸಂಶಯಪಡುತ್ತಿರುವರು. ಆ ಸಂಶಯಕ್ಕೆ ಶಾಸ್ತ್ರಾರ್ಥದಿಂದ ಉತ್ತರ ಹೇಳುವದಕ್ಕಿಂತ ಈ ಪುಣ್ಯಪುರುಷರ ಚರಿತ್ರೆಯನ್ನು ಭಕ್ತರ ಮುಂದಿಡುವದು ಲೇಸೆಂದು ಬಗೆದು, ಸಂಕ್ಷೇಪವಾಗಿ ನಿವೇದಿಸುವೆನು.

ಮಹಾದೇವಪ್ಪನವರು 1911ನೆಯ ಇಸವಿ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪನವರು, ತಾಯಿ ಬಸಮ್ಮನವರು. ಈಗ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿಗೆ ಸೇರಿರುವ ಆ ಗ್ರಾಮವು ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿದ್ದಿತು. ಖಾದಿಯ ಮೇಲಣ ಪ್ರೀತಿಯು ಇವರನ್ನು ಎಳೆವಯಸ್ಸಿನಲ್ಲಿಯೇ ದೂರದ ಗುಜರಾತಕ್ಕೆ, ಮಹಾತ್ಮಾ ಗಾಂಧಿಯವರ ಸಾಬರಮತಿ ಆಶ್ರಮಕ್ಕೆ, ಕರೆದೊಯ್ದಿತು.

1930ನೆಯ ಇಸವಿ ಮಾರ್ಚ್ 12ರಂದು ಗಾಂಧಿಯವರು ಉಪ್ಪಿನ ಕಾಯಿದೆಯನ್ನು ಮುರಿಯಲು ದಾಂಡಿಯ ಕಡಲ ತೀರಕ್ಕೆ ಹೊರಟಾಗ, ಅವರೊಡನೆ ಆರಿಸಿದ ಎಪ್ಪತ್ತೆಂಟು ಮಂದಿ ಸತ್ಯಾಗ್ರಹಿಗಳಿದ್ದರು. ಆ ತಂಡದಲ್ಲಿ ಕರ್ನಾಟಕದವರು ಮಹಾದೇವಪ್ಪನವರೊಬ್ಬರೇ. ಆಗ ಅವರಿಗಿನ್ನೂ ಹತ್ತೊಂಬತ್ತು ತುಂಬಿದ್ದಿಲ್ಲ. ಸುಮಾರು 240 ಮೈಲಿಗಳ ಆ ದಾರಿಯನ್ನು ನಡೆದು ಮುಗಿಸಿದರೆ ಸಾಲದಾಗಿದ್ದಿತು. ಪ್ರತಿಯೊಬ್ಬರೂ ದಿನವೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು ಎಂಬ ಕಟ್ಟಳೆಯಿದ್ದಿತು. ಬಿಸಿಲಿನಲ್ಲಿ ನಡೆದು ದಣಿದು ಬಂದವನು ಮತ್ತೆ ನೂಲಲು ಕುಳಿತುಕೊಳ್ಳಬೇಕು! ಉದ್ವೇಗವು ಒಂದು ದಿನ ನಡೆಸೀತು. ಇಪ್ಪತ್ತನಾಲ್ಕು ದಿನ ನಡೆಸುವದು ನೇಮವೊಂದೇ. ಈ ತರುಣರು ರಾಜಕಾರಣದ ಮೊದಲನೆಯ ಪಾಠವನ್ನು ಕಲಿತದ್ದು ಹೀಗೆ.

ತರುವಾಯ ಸೆರೆವಾಸವೂ ಒದಗಿತು. ಧರ್ಮಪತ್ನಿಯರಾದ ಸಿದ್ದಮ್ಮನವರು ಸಹ ಪತಿಯ ದಾರಿಯನ್ನೇ ಹಿಡಿದು ಕಾರಾಗೃಹವನ್ನು ಕಂಡರು. ದಾಂಡಿಗೆ ಹೋಗಿಬಂದ ಕೀರ್ತಿಯೊಂದನ್ನೇ ಹೊತ್ತು ಸಭೆಯಿಂದ ಸಭೆಗೆ ತಿರುಗಿದ್ದರೆ ಮಹಾದೇವಪ್ಪನವರಿಗೆ ಹೂಮಾಲೆಗಳಿಗೇನು ಕೊರತೆಯಾಗುತ್ತಿದ್ದಿಲ್ಲ. ಆದರೆ ಅವರು ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಸೇವಾಶ್ರಮವನ್ನು ಕಟ್ಟಿ, ಖಾದಿಯ ಕಾಯಕಕ್ಕೂ ಗ್ರಾಮಸೇವೆಗೂ ತಮ್ಮನ್ನು ಒಪ್ಪಿಸಿಕೊಂಡರು. ಮುಂದೆ ಕಷ್ಟಕಾಲ ಬಂದೊದಗಿದಾಗ ಸುತ್ತಣ ಹಳ್ಳಿಗಳ ತರುಣರು ಇವರ ಬೆನ್ನಿಗೆ ನಿಂತುದಕ್ಕೆ ಈ ಸೇವೆಯೇ ಕಾರಣವೆಂದು ತಿಳಿಯತಕ್ಕದ್ದು.

1942ನೆಯ ಇಸವಿ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಮಹಾಸಮಿತಿಯು ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂಬ ಠರಾವನ್ನು ಮಾಡಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧಿಯವರೇ ಮೊದಲಾದ ಮುಂದಾಳುಗಳೆಲ್ಲರೂ ಬಂಧಿತರಾದರು. ದಾರಿ ತೋರಿಸುವ ಹಿರಿಯರು ಸೆರೆಮನೆಯಲ್ಲಿ. ಹೊರಗೆ ಉಳಿದವರು ತರುಣರು. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಅವರು ತಂತಿ ಕಡಿದರು, ಚಾವಡಿಯ ದಫ್ತರಗಳನ್ನು ಸುಟ್ಟರು, ರೈಲ್ವೆ ನಿಲ್ದಾಣಗಳ ಮೇಲೆ ಬಿದ್ದರು. ಮಹಾದೇವಪ್ಪನವರೂ ಭೂಗತರಾಗಿ ಈ ಹೋರಾಟದೊಳಗೆ ಧುಮುಕಿದರು.

1943ನೆಯ ಇಸವಿ ಏಪ್ರಿಲ್ 1ರಂದು, ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಸರಕಾರಿ ಕಂದಾಯದ ಹಣವನ್ನು ವಶಮಾಡಿಕೊಳ್ಳಲು ಅವರು ಸಂಗಡಿಗರೊಡನೆ ನುಗ್ಗಿದರು. ಪೋಲೀಸರ ಗುಂಡುಗಳು ಹಾರಿದವು. ಮಹಾದೇವಪ್ಪನವರೂ ಅವರ ಜೊತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಲ್ಲಿಯೇ ವೀರಮರಣವನ್ನು ಹೊಂದಿದರು. ಮಡಿವಾಳರ ಮನೆಯವನೂ ಹಿರೇಮಠದವನೂ ಒಂದೇ ನೆಲದ ಮೇಲೆ, ಒಂದೇ ಕಾರ್ಯಕ್ಕಾಗಿ ನೆತ್ತರು ಚೆಲ್ಲಿದ ಈ ಸಂಗತಿಯನ್ನು ಭಕ್ತರು ಮರೆಯಲಾಗದು.

ಇಲ್ಲಿ ವಿವೇಕಿಗಳು ಒಂದು ಪ್ರಶ್ನೆಯನ್ನೆತ್ತುವರು. ದಾಂಡಿಯ ಸತ್ಯಾಗ್ರಹಿಗೆ ಹೊಸರಿತ್ತಿಯ ದಾಳಿಯು ಒಪ್ಪುವದೇ? 1944ರಲ್ಲಿ ಬಿಡುಗಡೆ ಹೊಂದಿದ ಮೇಲೆ ಗಾಂಧಿಯವರು ಗುಪ್ತ ಚಟುವಟಿಕೆಗಳನ್ನೂ ಸೊತ್ತಿನ ನಾಶವನ್ನೂ ಮೆಚ್ಚಲಿಲ್ಲವೆಂಬುದು ಸತ್ಯ. ಆದುದರಿಂದ ಈ ಕೃತ್ಯವನ್ನು ಶುದ್ಧ ಸತ್ಯಾಗ್ರಹವೆಂದು ಹೆಸರಿಟ್ಟು ಮರೆಮಾಚುವದು ಭಕ್ತಿಯಾಗದು. ಆದರೆ ಅವರು ಬಯಸಿದ ಹಣವು ತಮ್ಮ ಮನೆಗಾಗಿ ಅಲ್ಲ. ಪಣವಾಗಿ ಇಟ್ಟದ್ದು ತಮ್ಮ ಪ್ರಾಣವನ್ನು. ದಾರಿಯ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರೂ ಈ ನಿಸ್ವಾರ್ಥಕ್ಕೆ ತಲೆಬಾಗಲೇಬೇಕು. ತರುಣರನ್ನು ಮುಂದೆ ಬಿಟ್ಟು ಹಿರಿಯರು ದೂರ ಸರಿದಾಗ ಎಂತಹ ಭಾರವು ಅವರ ಹೆಗಲೇರುವದೆಂಬುದನ್ನು ಸಹ ಈ ಘಟನೆಯು ನಮಗೆ ತಿಳಿಸುವದು.

ಅಂದು ಆಸ್ತಿ, ತೆರಿಗೆ, ವಿದ್ಯೆಗಳ ಅರ್ಹತೆಯುಳ್ಳ ಕೆಲವರಿಗಷ್ಟೇ ಮತದಾನದ ಹಕ್ಕಿದ್ದಿತು. ಸ್ವತಂತ್ರ ಭಾರತದಲ್ಲಿ ವಯಸ್ಕರೆಲ್ಲರಿಗೂ ಅದು ದೊರೆಯಿತು. 1989ರಲ್ಲಿ ಮತದಾರರ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಮಹಾದೇವಪ್ಪನವರು ದಾಂಡಿಗೆ ನಡೆದುದೂ ಹದಿನೆಂಟರ ಪ್ರಾಯದಲ್ಲಿಯೇ. ಹಾವೇರಿಯ ರೈಲ್ವೆ ನಿಲ್ದಾಣವು ಇಂದು ಅವರ ಹೆಸರನ್ನು ಧರಿಸಿರುವದು. ಅಲ್ಲಿ ಇಳಿಯುವ ತರುಣರು ಆ ಹೆಸರನ್ನೋದುವಾಗ ಒಂದು ಮಾತನ್ನು ನೆನೆಯಲಿ: ದಾಂಡಿಗೂ ಹೊಸರಿತ್ತಿಗೂ ನಡುವೆ ಹದಿಮೂರು ವರುಷಗಳಿದ್ದವು, ಅವುಗಳಲ್ಲಿ ಸೆರೆಯಿದ್ದಿತು, ಆಶ್ರಮವಿದ್ದಿತು, ಹಳ್ಳಿಯ ಸೇವೆಯಿದ್ದಿತು. ಕೈಗೆ ಕಾಯಕವಿಲ್ಲದವನ ರಾಜಕಾರಣವು ಬರಿಯ ಕೂಗು. ಕಾಯಕದಿಂದ ಬಲಿತ ತರುಣನ ರಾಜಕಾರಣವಾದರೋ ಲೋಕಸೇವೆ. ತಂದೆತಾಯಿಗಳು ಮಕ್ಕಳನ್ನು ತಡೆಯದಿರಲಿ, ಆದರೆ ಬರಿಗೈಯಿಂದ ಕಳುಹಿಸದಿರಲಿ. ಇಂತಹ ತರುಣರು ನಾಡಿನಲ್ಲಿ ಹೆಚ್ಚಲಿ ಎಂದು ಹಾರೈಸಿ, ಮೂವರು ಹುತಾತ್ಮರಿಗೂ ಶರಣೆಂದು ಈ ಚರಿತ್ರೆಯನ್ನು ಮುಗಿಸುವೆನು.