ಚರಂಡಿಯಿಂದ ಕಡಲದಾರಿಯವರೆಗೆ: ಸರ್ ಎಂ.ವಿ.

ಕನ್ನಂಬಾಡಿ ಕಟ್ಟೆ ಅಂದರೆ ವಿಶ್ವೇಶ್ವರಯ್ಯ, ವಿಶ್ವೇಶ್ವರಯ್ಯ ಅಂದರೆ ಕನ್ನಂಬಾಡಿ. ಜನರ ಲೆಕ್ಕ ಇಷ್ಟೇ. ಆದರೆ ಆ ಪೇಟದ ಮನುಷ್ಯ ಅರ್ಧ ಆಯುಷ್ಯ ಕಳೆದದ್ದು ಊರಿನ ನಲ್ಲಿ ನೀರು, ಚರಂಡಿ, ಪುರಸಭೆಯ ಜಮಾ-ಖರ್ಚುಗಳ ನಡುವೆ. ಉಳಿದರ್ಧದಲ್ಲಿ ಬಹುಭಾಗ ಕಾರ್ಖಾನೆ ಮತ್ತು ಗೂಡ್ಸ್ ಗಾಡಿಯ ಚಿಂತೆ. ಇವು ಶಿಲಾಫಲಕ ಹಾಕಿಸಿ ಹಾರ ಹಾಕಿಸಿಕೊಳ್ಳುವ ಕೆಲಸಗಳಲ್ಲ. ಹಾಗಾಗಿ ಯಾರಿಗೂ ನೆನಪಿಲ್ಲ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ಬಾಲ್ಯದಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಪರರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡದ್ದುಂಟು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ದುಡ್ಡಿಲ್ಲದ ಪುರಸಭೆ

ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ ಅವರ ಬುದ್ಧಿಗೆ ಮೊದಲ ಪರೀಕ್ಷೆ. ಊರ ಪಕ್ಕದಲ್ಲೇ ಸಿಂಧೂ ನದಿ. ನೀರಿಗೆ ಬರವಿಲ್ಲ, ಆದರೆ ಅದು ಬರೀ ರಾಡಿ. ಸೋಸುವ ತೊಟ್ಟಿ ಕಟ್ಟಿಸಲು ಪುರಸಭೆಯ ಪೆಟ್ಟಿಗೆಯಲ್ಲಿ ಕಾಸಿಲ್ಲ. 1894-95ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳೇ ಜರಡಿಯಾಯಿತು. ಬಾವಿಗೆ ಇಳಿದದ್ದು ತಿಳಿನೀರು. ಅದನ್ನು ಪಂಪಿನಿಂದ ಗುಡ್ಡಕ್ಕೆ ಏರಿಸಿ ಊರಿಗೆ ಹರಿಸಿದ್ದಾಯಿತು. ಹಣವಿಲ್ಲ ಅಂತ ಕಡತ ಕಟ್ಟಿಡುವ ಬದಲು, ಹಣವಿಲ್ಲದೆ ಹೇಗೆ ಅಂತ ಯೋಚಿಸಿದ್ದು ಅವರ ವಿಶೇಷ.

ಆಮೇಲೆ ಸೂರತ್ತು, ಪುಣೆ, ಸಮುದ್ರದಾಚೆಯ ಏಡನ್ನು. ಎಲ್ಲಿ ಹೋದರೂ ಅದೇ ಕುಡಿಯುವ ನೀರು, ಅದೇ ಕೊಳಚೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಮಂದಿ ಸತ್ತಾಗ ನಿಜಾಮರ ಸರ್ಕಾರ ಅವರನ್ನೇ ಕರೆಸಿತು. ನದಿಯ ಮೇಲ್ಭಾಗದಲ್ಲಿ ಜಲಾಶಯ, ಊರೊಳಗೆ ಒಳಚರಂಡಿ ಎಂದು ವರದಿ ಕೊಟ್ಟರು.

ರೇವಿಲ್ಲದ ರಾಜ್ಯ

1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. ರೈಲ್ವೆಯ ಕಾರ್ಯದರ್ಶಿತನವೂ ಜೊತೆಗೇ ಬಂತು. 1912ರಲ್ಲಿ ದಿವಾನಗಿರಿ. ಆಗ ಅವರಿಗೆ ಕಂಡ ದೊಡ್ಡ ಕೊರತೆ ಒಂದಿತ್ತು. ಮೈಸೂರಿಗೆ ಸಮುದ್ರವೇ ಇಲ್ಲ! ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು, ಭಟ್ಕಳ ಮುಂಬಯಿ ಪ್ರಾಂತಕ್ಕೆ. ಘಟ್ಟದ ಮೇಲಿನವರ ಕಾಫಿ, ಅಡಿಕೆ, ಮರಮುಟ್ಟು ಎಲ್ಲವೂ ಪರರ ರೇವಿನ ದಾರಿ ನೋಡಬೇಕು.

ರೈಲಿನ ಗತಿಯೂ ಅಷ್ಟೇ. ರಾಜ್ಯದ ದುಡ್ಡಿನಲ್ಲಿ ಹಾಕಿದ ಮುಖ್ಯ ಲೈನುಗಳನ್ನೂ ಓಡಿಸುತ್ತಿದ್ದುದು ಮದರಾಸ್ ಅಂಡ್ ಸದರನ್ ಮರಾಠಾ ಕಂಪನಿ. ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬರುವುದು ಬ್ರಾಡ್‌ಗೇಜ್, ಅಲ್ಲಿಂದ ಮೈಸೂರಿಗೆ ಮೀಟರ್‌ಗೇಜ್. ಬೆಂಗಳೂರಿನಲ್ಲಿ ಒಂದು ವ್ಯಾಗನಿನ ಮೂಟೆ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಹಮಾಲಿ ಕೂಲಿ, ತಡ, ಹರಿದ ಮೂಟೆಯ ನಷ್ಟ, ಇದೆಲ್ಲ ಯಾರ ತಲೆಗೆ ಬರುತ್ತೆ ಅಂತ ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ.

ದಿವಾನರು ಎರಡು ದಾರಿ ಹಿಡಿದರು. ಒಂದು, ರಾಜ್ಯವೇ ಸ್ವಂತ ಲೈನು ಹಾಕಿ ಸ್ವಂತವಾಗಿ ಓಡಿಸುವುದು. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ 1918ರ ಹೊತ್ತಿಗೆ ಗಾಡಿ ಓಡಿತು. ಎರಡು, ಭಟ್ಕಳದಲ್ಲಿ ಬಂದರು ಮಾಡಿ ಅಲ್ಲಿಗೆ ಘಟ್ಟ ಇಳಿಯುವ ರೈಲು. ಮೊದಲನೆಯದು ಕೈಗೂಡಿತು. ಎರಡನೆಯದು ಕಾಗದದಲ್ಲೇ ಉಳಿಯಿತು. ನೆಲ ಇನ್ನೊಬ್ಬರದು, ಒಪ್ಪಿಗೆ ಬ್ರಿಟಿಷರದು, ಖರ್ಚು ಮಾತ್ರ ಮೈಸೂರಿನದು.

ಅಷ್ಟರಲ್ಲಿ ದಿವಾನಗಿರಿಯೇ ಮುಗಿಯಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಜಾತಿಗಳಿಗೆ ಮೀಸಲು ಸ್ಥಾನ ಬೇಕೆಂಬ ಕೂಗು ಎದ್ದಿತ್ತು. ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅಧಿಕಾರ ಬಿಟ್ಟು ಎದ್ದರು. ಈ ವಿಷಯದಲ್ಲಿ ಅವರನ್ನು ಟೀಕಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವಕಾಶ ಸಿಗದವರ ಕಷ್ಟವನ್ನು ಅವರು ಅಳೆದದ್ದು ಕಡಿಮೆಯೇ.

ಕಬ್ಬಿಣದ ಲೆಕ್ಕ

ಮನೆಯಲ್ಲಿ ಕೂರುವ ಪೈಕಿ ಅಲ್ಲ. 1923ರಲ್ಲಿ ಭದ್ರಾವತಿ ಕಾರ್ಖಾನೆ ಕಬ್ಬಿಣ ತೆಗೆಯಲು ಶುರುಮಾಡಿದಾಗ ಮಹಾಯುದ್ಧದ ಕಾಲದ ಬೆಲೆ ನೆಲಕಚ್ಚಿತ್ತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಲು ಮಲೆನಾಡ ಕಾಡಿನಿಂದ ಬರಬೇಕು. ತಯಾರಾದ ಮಾಲು ದೂರದ ಬಂದರಿಗೆ ಹೋಗಬೇಕು. ಕಡಲದಾರಿ ಇಲ್ಲದ್ದರ ಪೆಟ್ಟು ಇಲ್ಲಿ ಚೆನ್ನಾಗೇ ಬಿತ್ತು. ನಷ್ಟದ ಕಾರ್ಖಾನೆಯನ್ನು ಅವರ ಕೈಗೇ ಒಪ್ಪಿಸಲಾಯಿತು. 1929ರವರೆಗೆ ಅಧ್ಯಕ್ಷರಾಗಿ ದುಂದು ಕತ್ತರಿಸಿ, ಕೆಲಸ ಬಿಗಿಮಾಡಿ ಅದನ್ನು ಉಳಿಸಿಕೊಟ್ಟರು. ಅದರಿಂದ ಬಂದ ಸಂಭಾವನೆಯ ಹಣ ಸೇರಿದ್ದು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದೇ.

ನಡುವೆ ಮುಂಬಯಿ ನಗರಸಭೆಯ ಖರ್ಚು ಕಡಿತಕ್ಕೂ ಅವರೇ ಬೇಕಾದರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ರೈಲು ಸೇತುವೆ ಎಲ್ಲಿ ಬೇಕು ಎಂಬ ವಾದ ತೀರಿಸಲು ಆ ಮುದುಕರನ್ನೇ ಕೇಳಿದರು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನೂರು ದಾಟಿದ ಜೀವ ನಿಂತಿತು.

ಕಡಲದಾರಿ ಅವರ ಕಾಲಕ್ಕೆ ಬರಲಿಲ್ಲ. 1956ರಲ್ಲಿ ರಾಜ್ಯ ಒಂದಾಗಿ ಕರಾವಳಿ ಸೇರಿದ ಮೇಲೂ ಕಾಯಬೇಕಾಯಿತು. 1975ರಲ್ಲಿ ನವಮಂಗಳೂರು ಬಂದರು, 1979ರಲ್ಲಿ ಹಾಸನ-ಮಂಗಳೂರು ರೈಲು. ಆ ರೈಲು ಘಟ್ಟಕ್ಕೆ ಹೊರಟದ್ದು, ದಿವಾನರ ಕಾಲದಲ್ಲಿ ಹಾಕಿದ ಲೈನು ಹಾದುಹೋಗುವ ಅದೇ ಹಾಸನದಿಂದ. ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಮಾಡುವ ಕೆಲಸದಲ್ಲಿ ವರ್ಷಗಟ್ಟಲೆ ಬಂದ್ ಆಗಿದ್ದ ಮಾರ್ಗದಲ್ಲಿ 2006ರಲ್ಲಿ ಮತ್ತೆ ಮೊದಲು ಓಡಿದ್ದು ಗೂಡ್ಸ್ ಗಾಡಿಯೇ. ಪ್ಯಾಸೆಂಜರ್ ಬಂದದ್ದು ಮರುವರ್ಷದ ಕೊನೆಗೆ.

ಭಟ್ಕಳಕ್ಕೂ ರೈಲು ಬಂತು, ಕೊಂಕಣ ರೈಲ್ವೆಯ ಪುಣ್ಯದಿಂದ. ಆದರೆ ಅದು ಕಡಲಂಚಿನಲ್ಲಿ ಉದ್ದಕ್ಕೆ ಓಡುವ ಗಾಡಿ. ಘಟ್ಟ ಹತ್ತುವ ಲೈನು ಅಲ್ಲಿಂದ ಇವತ್ತಿಗೂ ಇಲ್ಲ. ಮೇಲಿನಿಂದ ಶಿವಮೊಗ್ಗದ ರೈಲು ಬಂದು ತಾಳಗುಪ್ಪದಲ್ಲಿ ನಿಲ್ಲುತ್ತದೆ. ಮುಂದಕ್ಕೆ ಹೋಗಬೇಕಾದವರು ಅಲ್ಲಿಳಿದು ಬಸ್ಸು ಹಿಡಿಯುತ್ತಾರೆ.